ಡಬ್ಬಿಯಲ್ಲಿ ಮಾಗಿದ ಹೊಗೆಸೊಪ್ಪು: ಒಣಗಿದ್ದಕ್ಕೆ ಹದ ತರುವುದು ಹೇಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಚೆಯಲ್ಲಿ ಪೈಪ್ ಹೊಗೆಸೊಪ್ಪಿನ ಪ್ರಶ್ನೆಗಳೇ ಹೆಚ್ಚು. ಪೈಪ್ ಸೇದುವವರು ನಮ್ಮಲ್ಲಿ ಕಡಿಮೆ. ಆ ಕೆಲವರಲ್ಲೂ ಹಲವರು ಡಬ್ಬಿಯನ್ನು ಹತ್ತಾರು ವರ್ಷ ಜೋಪಾನವಾಗಿಟ್ಟು, ಕೊನೆಗೆ ಒಂದೇ ರಾತ್ರಿಯಲ್ಲಿ ನೀರು ಹುಯ್ದು ಕೆಡಿಸುತ್ತಾರೆ. ಅದಕ್ಕಾಗಿಯೇ ಮೊದಲ ಉತ್ತರವನ್ನು ಉದ್ದವಾಗಿ ಬರೆದಿದ್ದೇವೆ.

ಪ್ರಶ್ನೆ: ಕಾಫಿ ತೋಟದಲ್ಲಿದ್ದಾಗ ನಮ್ಮ ತಾತ ಸೇದುತ್ತಿದ್ದ ಇಂಗ್ಲಿಷ್ ಫ್ಲೇಕ್ ಹೊಗೆಸೊಪ್ಪಿನ ಒಂದು ಡಬ್ಬಿ ಅಟ್ಟದಲ್ಲಿ ಸಿಕ್ಕಿತು. ಯಾರೂ ತೆರೆದಿಲ್ಲ. ಮೇಲೆ 50 ಗ್ರಾಂ ಎಂದಿದೆ. ಅಲ್ಲಾಡಿಸಿದರೆ ತರಗೆಲೆಯ ಹಾಗೆ ಸದ್ದು ಬರುತ್ತದೆ. ಹದಕ್ಕೆ ತರಬಹುದೇ?
— ಓದುಗರು, ಮಡಿಕೇರಿ

ಉತ್ತರ: ತರಬಹುದು. ಸದ್ದು ಬರುತ್ತಿದೆ ಎಂದರೆ ಮುಚ್ಚಳದ ಬಿಗಿ ಎಂದೋ ಹೋಗಿದೆ, ಒಳಗಿನ ನೀರು ಆರಿದೆ. ಅದರಿಂದ ಎದೆಗುಂದಬೇಕಿಲ್ಲ. ಒಣಗಿದ ಸೊಪ್ಪಿಗೆ ಬೂಷ್ಟು ಹಿಡಿಯುವುದಿಲ್ಲ, ಒದ್ದೆಯಾದದ್ದಕ್ಕೆ ಹಿಡಿಯುತ್ತದೆ. ಆದರೆ ಮಡಿಕೇರಿಯ ಮಳೆಗಾಲ ಕಂಡ ಡಬ್ಬಿ ಇದು. ನಡುವೆ ಒಮ್ಮೆ ಒದ್ದೆಯಾಗಿ ಆಮೇಲೆ ಒಣಗಿರಬಹುದು. ಹಾಗಾಗಿ ತೆರೆದ ಕೂಡಲೇ ಬೆಳಕಿಗೆ ಹಿಡಿದು ನೋಡಿ.

ತೆರೆಯಲು ಚಾಕು ಬೇಡ. ಮುಚ್ಚಳದ ಅಂಚಿನ ಸಂದಿಗೆ ಹಳೆಯ ದಪ್ಪ ನಾಣ್ಯ ತೂರಿಸಿ ಮೆಲ್ಲಗೆ ತಿರುಚಿ, ಸುತ್ತ ನಾಲ್ಕು ಕಡೆ. ‘ಪುಸ್’ ಎಂದು ಗಾಳಿ ಎಳೆದುಕೊಂಡರೆ ಬಿಗಿ ಇನ್ನೂ ಇತ್ತೆಂದು ಅರ್ಥ. ನಿಮ್ಮದರಲ್ಲಿ ಆ ಸದ್ದು ಬರಲಾರದು. ಒಳಗೆ ತುಕ್ಕು ಹಿಡಿದಿದ್ದರೆ ತುಕ್ಕು ತಗುಲಿದ ಪದರವನ್ನು ಎಸೆಯಿರಿ. ನಡುವಿನದು ಮುಗ್ಗಲು ವಾಸನೆ ಬಾರದೆ ಒಣಗಿದ್ದರೆ ಉಳಿಸಿಕೊಳ್ಳಬಹುದು. ಫ್ಲೇಕ್ ಎಂದರೆ ಒತ್ತಿ ಹಲಗೆಯಾಗಿಸಿದ ಸೊಪ್ಪನ್ನು ತೆಳ್ಳಗೆ ಸೀಳಿದ ಹಾಳೆ. ಒಣಗಿದಾಗ ಅದನ್ನು ಬಿಡಿಸಲು ಹೋದರೆ ಪುಡಿಯೇ ಕೈಗೆ ಬರುವುದು. ಹಾಳೆ ಹಾಳೆಯಾಗಿಯೇ ಇರಲಿ.

ಮೊದಲು ತೂಕ. ಅಕ್ಕಸಾಲಿಗರ ಬಳಿ ಇರುವಂಥ, 0.1 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ ಬೇಕು. ಡಬ್ಬಿ, ಒಳಗಿನ ಕಾಗದ ಬಿಟ್ಟು ಬರೀ ಸೊಪ್ಪನ್ನು ತೂಗಿ. 44 ಗ್ರಾಂ ಬಂತೆನ್ನಿ. ಕಾರ್ಖಾನೆಯಿಂದ ಬರುವಾಗ ಇಂಥ ಸೊಪ್ಪಿನಲ್ಲಿ ನೂರಕ್ಕೆ 18ರ ಆಸುಪಾಸು ನೀರಿರುವುದು ಸಾಮಾನ್ಯ. ಅಂದರೆ 50 ಗ್ರಾಂನಲ್ಲಿ 9 ಗ್ರಾಂ ನೀರು, 41 ಗ್ರಾಂ ಒಣ ಸೊಪ್ಪು. ಈಗಿರುವ 44ರಲ್ಲಿ ನೀರು ಬರೀ 3 ಗ್ರಾಂ, ನೂರಕ್ಕೆ 7ಕ್ಕೂ ಕಡಿಮೆ. ಸೇದುವ ಹದ ನೂರಕ್ಕೆ 13ರ ಸುತ್ತ. 41ನ್ನು 0.87ರಿಂದ ಭಾಗಿಸಿದರೆ 47.1. ಸೇರಬೇಕಾದ ನೀರು 3 ಗ್ರಾಂ ಚಿಲ್ಲರೆ, ಒಂದು ಟೀ ಚಮಚಕ್ಕೂ ಕಡಿಮೆ! ಡಬ್ಬಿಯ ಮೇಲೆ 50 ಎಂದಿದೆ ಎಂದು 50ಕ್ಕೆ ಏರಿಸಿದಿರೋ, ಸೊಪ್ಪು ಮತ್ತೆ ಹಸಿಯಾಗಿ ಸೇದುವ ಮೊದಲು ಒಣಗಿಸುವ ಕೆಲಸ ಬೀಳುತ್ತದೆ.

ಈ ನೀರನ್ನು ಫ್ಲೇಕಿನ ಮೇಲೆ ನೇರವಾಗಿ ಹಾಕಬಾರದು. ಹನಿ ಬಿದ್ದ ಕಡೆ ಕಪ್ಪು ಮಚ್ಚೆಯಾಗಿ ಸಕ್ಕರೆ, ಬಣ್ಣ ಎಲ್ಲ ಅಲ್ಲಿಗೇ ಇಳಿಯುತ್ತವೆ. ಅಗಲ ಬಾಯಿಯ ಪಿಂಗಾಣಿ ಬೋಗುಣಿಯ ತಳದಲ್ಲಿ ಹಾಳೆಗಳನ್ನು ಹರಡಿ. ಸೋಪಿನ ವಾಸನೆ ಇಲ್ಲದ ಹತ್ತಿ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಉಪ್ಪಿನಕಾಯಿ ಭರಣಿಗೆ ಕಟ್ಟುವ ಹಾಗೆ ಬಾಯಿಗೆ ಬಿಗಿದು ಕಟ್ಟಿ. ಬಟ್ಟೆಗೂ ಸೊಪ್ಪಿಗೂ ನಡುವೆ ಮೂರು ಬೆರಳಾದರೂ ಜಾಗವಿರಲಿ. ಮೂರು ಗಂಟೆಗೊಮ್ಮೆ ಸೊಪ್ಪನ್ನು ತೆಗೆದು ತೂಗಿ, ಮಗುಚಿ ಇಡಿ. ಬಿಡಿ ಸೊಪ್ಪು ಅರ್ಧ ದಿನದಲ್ಲಿ ತೂಕಕ್ಕೆ ಬರುತ್ತದೆ, ಫ್ಲೇಕಿಗೆ ಒಂದು ರಾತ್ರಿಗಿಂತ ಹೆಚ್ಚೂ ಬೇಕಾದೀತು. 47 ಮುಟ್ಟಿದ ಕೂಡಲೇ ಬಟ್ಟೆ ತೆಗೆಯಿರಿ.

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇನ್ನು ಮುಂದಿದೆ. ಸೊಪ್ಪನ್ನು ಬಿಗಿ ಮುಚ್ಚಳದ ಗಾಜಿನ ಸೀಸೆಗೆ ಹಾಕಿ ಒಂದು ವಾರ ಮುಟ್ಟದೆ ಇಡಿ. ನೀರು ಮೊದಲು ಹಿಡಿಯುವುದು ಹಾಳೆಯ ಮೈ. ನಡುಭಾಗ ಆಗಲೂ ತರಗೆಲೆಯೇ. ಆ ಸ್ಥಿತಿಯಲ್ಲಿ ಸೇದಿದರೆ ಹೊರಗಿನದು ಹಬೆಯಾಗಿ ನಾಲಿಗೆ ಸುಡುತ್ತದೆ, ಒಳಗಿನದು ಸರ್ರನೆ ಉರಿದು ಪೈಪಿನ ಬಟ್ಟಲು ಕಾಯುತ್ತದೆ. ‘ಹಳೆ ಸೊಪ್ಪು ಖಾರ’ ಎಂದು ದೂರುವವರಲ್ಲಿ ಬಹುತೇಕರು ಈ ವಾರ ಕಾಯದವರು.

ನೀರು ವಾಪಸು ಬರುತ್ತದೆ, ಹಾರಿಹೋದ ಪರಿಮಳದ ಎಣ್ಣೆ ಬಾರದು. ನಿಮ್ಮದು ಬರೀ ವರ್ಜೀನಿಯಾ ಎಂಬ, ಸಕ್ಕರೆ ಧಾರಾಳವಿರುವ ಎಲೆಯದಾದರೆ ಸವಿ ಸಾಕಷ್ಟು ಉಳಿದಿರುತ್ತದೆ, ಸಕ್ಕರೆ ಗಾಳಿಗೆ ಹಾರುವುದಿಲ್ಲವಲ್ಲ. ಮೇಲಿಂದ ಸುವಾಸನೆ ಚಿಮುಕಿಸಿದ ಬಗೆಯಾದರೆ ಹೆಚ್ಚು ಆಸೆ ಬೇಡ.

ಪ್ರಶ್ನೆ: ಆಲೂಗಡ್ಡೆ ಸಿಪ್ಪೆ ಅಥವಾ ಸೇಬಿನ ಹೋಳು ಹಾಕಿಟ್ಟರೆ ಹದ ಬರುತ್ತದೆ ಎನ್ನುತ್ತಾರೆ. ನಿಜವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಹದ ಬರುತ್ತದೆ, ಜೊತೆಗೆ ಬೂಷ್ಟೂ ಬರುತ್ತದೆ. ಹೋಳಿನ ಮೈಮೇಲೆ ಶಿಲೀಂಧ್ರದ ಬೀಜಕಣಗಳಿರುತ್ತವೆ, ಅವಕ್ಕೆ ಬೇಕಾದ ಸಕ್ಕರೆ, ತೇವ ಎರಡನ್ನೂ ನೀವೇ ಒದಗಿಸಿದ ಹಾಗೆ. ಏನಾದರೂ ಹಾಕಿಡಲೇಬೇಕು ಎಂದಿದ್ದರೆ ಸುಟ್ಟ ಮಣ್ಣಿನ ಬಿಲ್ಲೆ ಒಳ್ಳೆಯದು. ಬಣ್ಣ, ಪಾಲಿಶ್ ಇಲ್ಲದ ಹೊಸ ಹಣತೆಯೂ ಆದೀತು. 15 ನಿಮಿಷ ನೀರಿನಲ್ಲಿ ನೆನೆಸಿ, ಮೈ ಒರೆಸಿ, ಸೊಪ್ಪಿನ ಮೇಲೆ ಒಂದು ಚೂರು ಬೆಣ್ಣೆ ಕಾಗದ ಹಾಸಿ ಅದರ ಮೇಲೆ ಇಟ್ಟು ಸೀಸೆ ಮುಚ್ಚಿ. ದಿನಕ್ಕೊಮ್ಮೆ ನೋಡಿ.

ಬಿಡಿಯಾಗಿ ಕತ್ತರಿಸಿದ ಸೊಪ್ಪಿಗೆ ನೀರು ಸಿಂಪಡಿಸಲೂಬಹುದು, ಫ್ಲೇಕಿನ ಹಾಗೆ ಅದು ಮುನಿಸಿಕೊಳ್ಳುವುದಿಲ್ಲ. ಲೆಕ್ಕ ಹಾಕಿದ ನೀರಿನ ಮೂರನೇ ಒಂದು ಭಾಗ ಸಿಂಪಡಿಸಿ, ಕೈಯಾಡಿಸಿ, ಒಂದು ದಿನ ಮುಚ್ಚಿಟ್ಟು, ಮತ್ತೆ ಅಷ್ಟೇ. ಕೊಳವೆಬಾವಿಯ ಗಡಸು ನೀರು ಬೇಡ, ಕ್ಲೋರಿನ್ ವಾಸನೆಯ ನಲ್ಲಿ ನೀರೂ ಬೇಡ. ಔಷಧಿ ಅಂಗಡಿಯಲ್ಲಿ ಚುಚ್ಚುಮದ್ದಿನ ಪುಡಿ ಕಲಸಲು ಕೊಡುವ ಶುದ್ಧ ನೀರಿನ 5 ಅಥವಾ 10 ಮಿ.ಲೀ. ಪುಟ್ಟ ಸೀಸೆ ಸಿಗುತ್ತದೆ. ಅಳೆಯಲು ಸೂಜಿ ಇಲ್ಲದ ಸಿರಿಂಜ್ ಇದ್ದರೆ ಕೆಲಸ ಮುಗಿಯಿತು.

ಪ್ರಶ್ನೆ: ಎಂಟು ವರ್ಷದ ವರ್ಜೀನಿಯಾ ಫ್ಲೇಕ್ ತೆರೆದೆ. ಹಾಳೆಗಳ ಮೇಲೆ ಬಿಳಿ ಚುಕ್ಕೆಗಳಿವೆ. ಬೂಷ್ಟೋ, ಸಕ್ಕರೆ ಹರಳೋ?
— ಓದುಗರು, ಬೆಂಗಳೂರು

ಉತ್ತರ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ತಂದುಕೊಳ್ಳಿ. ಹರಳಾದರೆ ಹಾಳೆಯನ್ನು ಓರೆಯಾಗಿಸಿದಾಗ ಕಲ್ಲುಸಕ್ಕರೆಯ ಪುಡಿಯಂತೆ ಮಿನುಗುತ್ತದೆ, ಅಂಚು ಚೂಪಾಗಿರುತ್ತದೆ, ಎಲೆಗೆ ಅಂಟಿಕೊಂಡು ಚಪ್ಪಟೆಯಾಗಿ ಕೂತಿರುತ್ತದೆ. ಬೂಷ್ಟಾದರೆ ಮಿನುಗುವುದಿಲ್ಲ. ಹತ್ತಿಯ ಎಳೆಯಂತೆ ಮೇಲೆದ್ದಿರುತ್ತದೆ, ಬಿಳಿಯ ಜೊತೆ ಬೂದಿ, ಹಸಿರು, ನೀಲಿ ಛಾಯೆ ಇರಬಹುದು, ಸಂದಿಯಿಂದ ಸಂದಿಗೆ ಜೇಡರ ಬಲೆಯ ಹಾಗೆ ಹಬ್ಬಿರುತ್ತದೆ. ಅನುಮಾನ ಉಳಿದರೆ ಒಂದು ಚುಕ್ಕೆಯ ಮೇಲೆ ಕಡ್ಡಿಯ ತುದಿಯಿಂದ ಒಂದು ಹನಿ ನೀರು ಇಡಿ. ಹರಳು ಕರಗಿ ಕಾಣೆಯಾಗುತ್ತದೆ, ಬೂಷ್ಟು ಒದ್ದೆ ಹತ್ತಿಯಂತೆ ಮುದುಡಿ ಅಲ್ಲೇ ಉಳಿಯುತ್ತದೆ. ನೇರಳಾತೀತ ಬೆಳಕಿನ ಟಾರ್ಚ್ ಬಿಟ್ಟು ಚುಕ್ಕೆ ಹೊಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಹಲವರು ಹೇಳುತ್ತಾರೆ. ಅದೊಂದನ್ನೇ ನಂಬಬೇಡಿ.

ಮೂಗೂ ಹೇಳುತ್ತದೆ. ಮಾಗಿದ ವರ್ಜೀನಿಯಾದ್ದು ಒಣದ್ರಾಕ್ಷಿ, ಹುಣಸೆಹಣ್ಣು, ಒಂದಿಷ್ಟು ಹುಳಿಹಿಟ್ಟಿನ ವಾಸನೆ. ತೆರೆದ ಕ್ಷಣದಲ್ಲಿ ವಿನೆಗರಿನ ಘಾಟು ಬಂದರೂ ಗಾಬರಿ ಬೇಡ, ಒಂದು ಗಂಟೆ ಗಾಳಿಗಿಟ್ಟರೆ ಹೋಗುತ್ತದೆ. ಮಳೆಗಾಲದ ಗೋಡೌನಿನ ಮುಗ್ಗಲು ವಾಸನೆ ಬಂದರೆ ಮಾತ್ರ ಇಡೀ ಡಬ್ಬಿ ಎಸೆಯಬೇಕು. ಕಂಡ ಭಾಗ ಕಿತ್ತು ಉಳಿದದ್ದು ಇಟ್ಟುಕೊಳ್ಳೋಣ ಎನ್ನಬೇಡಿ. ಶಿಲೀಂಧ್ರದ ಎಳೆ ಕಣ್ಣಿಗೆ ಕಾಣದೆ ಒಳಗೆ ಹರಿದಿರುತ್ತದೆ. ಒಲೆಯಲ್ಲಿ ಬಿಸಿ ಮಾಡಿದರೆ ಬೂಷ್ಟು ಸತ್ತರೂ ಅದು ಬಿಟ್ಟ ವಿಷ ಉಳಿದೀತು.

ಪ್ರಶ್ನೆ: ಜೂನ್ ಬಂತೆಂದರೆ ನನ್ನ ಸಮಸ್ಯೆ ತಿರುಗಾಮುರುಗಾ. ತೆರೆದ ಡಬ್ಬಿ ಎರಡೇ ದಿನಕ್ಕೆ ಹಸಿಯಾಗುತ್ತದೆ.
— ಓದುಗರು, ಮಂಗಳೂರು

ಉತ್ತರ: ಕರಾವಳಿಯ ಮಳೆಗಾಲದ ಗಾಳಿಯಲ್ಲಿ ತೇವಾಂಶ ನೂರಕ್ಕೆ 85 ದಾಟಿಯೇ ಇರುತ್ತದೆ. ಹೊಗೆಸೊಪ್ಪಿನ ಸುತ್ತಲ ಗಾಳಿಯಲ್ಲಿ ಇರಬೇಕಾದ್ದು 60ರಿಂದ 65 (ಸೊಪ್ಪಿನೊಳಗಿನ ನೀರಿನ 13ರ ಲೆಕ್ಕ ಬೇರೆ). ಮೇ ತಿಂಗಳಲ್ಲೇ ಇಡೀ ದಾಸ್ತಾನನ್ನು 100-150 ಮಿ.ಲೀ. ಪುಟ್ಟ ಸೀಸೆಗಳಿಗೆ ಹಂಚಿ, ವಾರಕ್ಕೆ ಒಂದೇ ಸೀಸೆ ತೆರೆಯಿರಿ. ದೊಡ್ಡ ಸೀಸೆಯ ಮುಚ್ಚಳ ದಿನಾ ತೆಗೆದರೆ ದಿನಾ ಒಂದು ಸೀಸೆ ಮಳೆಗಾಲವನ್ನು ಒಳಗೆ ತುಂಬಿದಂತೆ. ಹಸಿಯಾದದ್ದನ್ನು ಬಿಸಿಲಿಗೆ ಹಾಕಬಾರದು, ಪರಿಮಳವೂ ಬಣ್ಣವೂ ಹೋಗುತ್ತವೆ. ಎಸಿ ಇರುವ ಕೋಣೆಯಲ್ಲಿ ಕಾಗದದ ಮೇಲೆ ಅರ್ಧ ಗಂಟೆ ಹರಡಿದರೆ ಸಾಕು.

ಸೀಸೆಯೊಳಗೆ 62 ಅಥವಾ 65 ಎಂದು ಬರೆದ ತೇವಾಂಶ ಕಾಯುವ ಪೊಟ್ಟಣ ಹಾಕಿಟ್ಟರೆ ಅದು ತೇವ ಕೊಡಲೂ ಬಲ್ಲದು, ಹೀರಲೂ ಬಲ್ಲದು. ತೇವಮಾಪಕ ಕೊಂಡರೆ ಮೊದಲು ಪರೀಕ್ಷಿಸಿ: ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಲವು ಹನಿ ನೀರಿನಲ್ಲಿ ಗೊಜ್ಜಿನ ಹದಕ್ಕೆ ಕಲಸಿ, ಮಾಪಕದ ಜೊತೆ ಜಿಪ್ ಚೀಲದಲ್ಲಿ ಎಂಟು ಗಂಟೆ ಮುಚ್ಚಿಡಿ. 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮಾಪಕ 5 ಕಡಿಮೆ ಹೇಳುತ್ತದೆ, ಅಷ್ಟು ಕೂಡಿಸಿಕೊಳ್ಳಿ.

ಪ್ರಶ್ನೆ: ನಾನಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಹತ್ತು ವರ್ಷ ಇಟ್ಟು ಮಾಗಿಸಬೇಕೆಂದಿದ್ದೇನೆ. ಯಾವ ಬಗೆ ಕೊಳ್ಳಲಿ? ಡಬ್ಬಿಯಲ್ಲೇ ಬಿಡಲೋ, ಸೀಸೆಗೆ ಹಾಕಲೋ?

ಉತ್ತರ: ಮಾಗುವುದಕ್ಕೆ ಸಕ್ಕರೆ ಬೇಕು. ಬಿಸಿ ಗಾಳಿಯಲ್ಲಿ ಒಣಗಿಸಿದ ವರ್ಜೀನಿಯಾದಲ್ಲಿ ಅದು ಧಾರಾಳ. ಮುಚ್ಚಿದ ಡಬ್ಬಿಯಲ್ಲಿ ಮೊದಲು ಉಳಿದ ಆಮ್ಲಜನಕ ಮುಗಿಯುತ್ತದೆ. ಆಮೇಲೆ ಸಕ್ಕರೆಯೂ ಅಮೈನೊ ಆಮ್ಲಗಳೂ ವರ್ಷಗಟ್ಟಲೆ ನಿಧಾನವಾಗಿ ಬೆರೆತು, ಹಳದಿ ಎಲೆ ಬೆಲ್ಲದ ಬಣ್ಣಕ್ಕೂ ಅಲ್ಲಿಂದ ಕಾಫಿ ಬಣ್ಣಕ್ಕೂ ತಿರುಗುತ್ತದೆ. ಒಳಗೆ ಅನಿಲ ಹುಟ್ಟಿ ಕೆಲವು ಡಬ್ಬಿಗಳ ಮುಚ್ಚಳ ಉಬ್ಬುವುದೂ ಉಂಟು. ಎರಡು ವರ್ಷಕ್ಕೆ ವ್ಯತ್ಯಾಸ ತಿಳಿಯುತ್ತದೆ, ಐದಕ್ಕೆ ಚೆನ್ನಾಗಿ ತಿಳಿಯುತ್ತದೆ.

ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ವಿಸ್ಕಿ ಪೀಪಾಯಿಗಳಲ್ಲಿ ಒತ್ತಿ ಹುಳಿಸುವ ಪೆರಿಕ್ ಎಲೆ ಬೆರೆತ ವರ್ಜೀನಿಯಾ ಇನ್ನೂ ಸೊಗಸು. ಪೆರಿಕ್‌ನ ಮೆಣಸಿನ ಚುರುಕು ಕಾಲ ಕಳೆದಂತೆ ಅಂಜೂರದ ಸವಿಯ ಕಡೆಗೆ ವಾಲುತ್ತದೆ. ನೆರಳಲ್ಲಿ ಗಾಳಿಗೆ ಒಣಗಿಸಿದ ಬರ್ಲಿಯಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಕೆಡುವುದಿಲ್ಲ, ಹೆಚ್ಚು ಬದಲಾಗುವುದೂ ಇಲ್ಲ. ಸೈಪ್ರಸ್‌ನ ಹೊಗೆ ಹಿಡಿಸಿದ ಲಟಾಕಿಯಾದ ಘಾಟು ವರ್ಷ ಕಳೆದಂತೆ ಮೆತ್ತಗಾಗುತ್ತದೆ. ಕೆಲವರಿಗೆ ಅದೇ ಇಷ್ಟ, ನಮ್ಮ ಅಭಿಪ್ರಾಯದಲ್ಲಿ ಲಟಾಕಿಯಾ ಪ್ರಿಯರು ಐದು ವರ್ಷದೊಳಗೆ ಮುಗಿಸುವುದು ಮೇಲು. ವೆನಿಲಾ, ಚೆರ್ರಿ ಪರಿಮಳದವನ್ನು ಕೂಡಿಡುವುದು ದುಡ್ಡು ದಂಡ. ಅಂಥವುಗಳಲ್ಲಿ ತೇವ ಹಿಡಿದಿಡಲು ಪ್ರೊಪಿಲೀನ್ ಗ್ಲೈಕಾಲ್ ಹಾಕಿರುವುದುಂಟು. ಹತ್ತು ವರ್ಷವಾದರೂ ಬೆರಳಿಗೆ ಹಸಿಯಾಗಿಯೇ ತಾಕುತ್ತದೆ, ಪರಿಮಳ ಮಾತ್ರ ಇರುವುದಿಲ್ಲ.

ದುಂಡನೆಯ ಡಬ್ಬಿಯ ಬಿಗಿ ಹೆಚ್ಚು ಕಾಲ ಬರುತ್ತದೆ. ಚಪ್ಪಟೆ ಚೌಕದ ಡಬ್ಬಿ ಒಂದು ಮೂಲೆಗೆ ಪೆಟ್ಟು ಬಿದ್ದರೂ ಉಸಿರು ಬಿಡುತ್ತದೆ. ಫೀನಿಕ್ಸ್‌ನಂಥ ಮರುಭೂಮಿಯಲ್ಲಿ ಚೌಕದವನ್ನು ಮೊದಲೇ ಸೀಸೆಗೆ ವರ್ಗಾಯಿಸುವುದು ಜಾಣತನ. ಸೀಸೆಯನ್ನು ಕುದಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ತಳದಲ್ಲಿ ಒಂದು ಹನಿ ನೀರು ಉಳಿದರೂ ಬೂಷ್ಟು ಅಲ್ಲಿಂದಲೇ ಶುರು. 240 ಮಿ.ಲೀ. ಸೀಸೆಗೆ ಬಿಡಿ ಸೊಪ್ಪು ಸುಮಾರು 55 ಗ್ರಾಂ ಹಿಡಿಸುತ್ತದೆ. ಮೇಲೆ ಒಂದು ಬೆರಳು ಜಾಗ ಬಿಡಿ, ಗಾಳಿ ಎಳೆದು ನಿರ್ವಾತ ಮಾಡಬೇಡಿ. ತಾರೀಕು ಬರೆದು ಕತ್ತಲೆಯ ಬೀರುವಿನಲ್ಲಿ 18ರಿಂದ 22 ಡಿಗ್ರಿಯಲ್ಲಿಡಿ. ಗ್ಯಾರೇಜ್ ಬೇಡ, ಅಲ್ಲಿನ ಬೇಸಿಗೆಗೆ ಸೊಪ್ಪು ಮಾಗುವುದಿಲ್ಲ, ಬೇಯುತ್ತದೆ.

ಪ್ರಶ್ನೆ: ನಮ್ಮ ಬ್ಯಾರನ್ನಿನ (ಬಿಸಿ ಗಾಳಿಯಲ್ಲಿ ಎಲೆ ಒಣಗಿಸುವ ಮನೆ) ಎಲೆಯೂ ವರ್ಜೀನಿಯಾವೇ. ಡಬ್ಬಿಯಲ್ಲಿ ಹತ್ತು ವರ್ಷ ಇಟ್ಟರೆ ಪೈಪಿಗೆ ಆಗುತ್ತದೆಯೇ?
— ಬೆಳೆಗಾರರು, ಹುಣಸೂರು

ಉತ್ತರ: ತಳಿ ಅದೇ ಬಗೆಯದು, ಕೆಲಸ ಮಾತ್ರ ಅರ್ಧವೇ ಆಗಿರುತ್ತದೆ. ಬ್ಯಾರನ್ನಿನಿಂದ ಇಳಿಸಿದ ಎಲೆಯ ದಂಟು ತೆಗೆದು, ಮತ್ತೆ ಹದವಾಗಿ ಒಣಗಿಸಿ, ಪೆಟ್ಟಿಗೆಗಳಲ್ಲಿ ವರ್ಷ ಎರಡು ವರ್ಷ ಇಟ್ಟು, ಆಮೇಲೆ ಹಬೆ ಹಿಡಿದು ಒತ್ತುತ್ತಾರೆ. ಅದಾದ ಮೇಲೆ ಅದು ಪೈಪ್ ಸೊಪ್ಪು. ಆ ಒತ್ತಡವಿಲ್ಲದೆ ಬರೀ ಎಲೆ ಮಡಚಿಟ್ಟರೆ ಹತ್ತು ವರ್ಷಕ್ಕೂ ಹುಲ್ಲಿನ ಘಾಟು ಪೂರ್ತಿ ಬಿಡುವುದಿಲ್ಲ. ಮೈಸೂರು ಸೀಮೆಯ ಹಗುರ ಮಣ್ಣಿನ ಎಲೆ ಸೌಮ್ಯ, ಬೇರೆ ಎಲೆಯ ಜೊತೆ ಬೆರೆಸಲು ಹೇಳಿ ಮಾಡಿಸಿದ್ದು, ಒಂಟಿಯಾಗಿ ತುಸು ಸಪ್ಪೆ. ಇನ್ನು, ಕರ್ನಾಟಕದಲ್ಲಿ 1984ರಿಂದ ತಂಬಾಕು ಮಂಡಳಿಯ ಹರಾಜು ನಡೆಯುತ್ತಿದೆ. ನೋಂದಾಯಿತ ಬೆಳೆಗಾರರ ಎಲೆ ಅಲ್ಲಿಗೇ ಹೋಗಬೇಕು ಎನ್ನುವುದು ನಿಮಗೆ ಹೇಳಬೇಕಿಲ್ಲ.

ಪ್ರಶ್ನೆ: ಹಳೆಯದಾದಂತೆ ನಿಕೋಟಿನ್ ಇಳಿಯುತ್ತದೆಯಂತೆ, ಹೌದೇ?

ಉತ್ತರ: ಹಾಗೆಂದು ನೆಚ್ಚಿಕೊಳ್ಳಬೇಡಿ. ರುಚಿ ಮೆತ್ತಗಾಗುತ್ತದೆ, ಬಲ ಹಾಗೆಯೇ ಇರುತ್ತದೆ. ಹೊಗೆ ನುಂಗದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಪೈಪಿಗೂ ಇದೆ, ಸೊಪ್ಪು ಎಷ್ಟು ಮಾಗಿದ್ದರೂ ಅಷ್ಟೇ. ಸೇದದವರು ಹಳೆ ಡಬ್ಬಿ ಸಿಕ್ಕಿತೆಂದು ಶುರು ಮಾಡುವುದನ್ನು ನಾವು ಖಂಡಿತ ಹೇಳುವುದಿಲ್ಲ.

ಪ್ರಶ್ನೆ: ಹದಕ್ಕೆ ತಂದ ಫ್ಲೇಕ್ ಪದೇಪದೇ ಆರುತ್ತದೆ, ನಾಲಿಗೆಯೂ ಉರಿಯುತ್ತದೆ. ತಪ್ಪೆಲ್ಲಿ?
— ಓದುಗರು, ಧಾರವಾಡ

ಉತ್ತರ: ಎರಡಕ್ಕೂ ಕಾರಣ ಒಂದೇ, ತೇವ ಹೆಚ್ಚಾಗಿದೆ. ಚಿಟಿಕೆ ಸೊಪ್ಪನ್ನು ಬೆರಳಲ್ಲಿ ಹಿಸುಕಿ ಬಿಡಿ. ಉಂಡೆಯಾಗಿಯೇ ಕೂತರೆ ಹಸಿ, ಚಟಪಟ ಅಂದರೆ ಒಣಕಲು, ನಿಧಾನವಾಗಿ ಅರಳಿ ಬಿಡಿಸಿಕೊಂಡರೆ ಹದ. ಹಸಿಯಾದರೆ ಬೇಕಾದಷ್ಟನ್ನೇ ಉಜ್ಜಿ ಬಿಡಿಸಿ, ಕಾಗದದ ಮೇಲೆ ಅರ್ಧದಿಂದ ಒಂದು ಗಂಟೆ ಹರಡಿಡಿ.

ಹಾಳೆಯನ್ನು ಮಡಚಿ ಹಾಗೇ ತುರುಕುವುದು ಪಳಗಿದವರ ರೀತಿ, ಹದ ತಂದ ಹಳೆ ಸೊಪ್ಪಿಗೆ ಅದು ಬೇಡ. ಉಜ್ಜಿ ಬಿಡಿಸಿದ್ದನ್ನು ಮೂರು ಸಲಕ್ಕೆ ತುಂಬಿ: ತಳಕ್ಕೆ ಮಗುವಿನ ಕೈಯಲ್ಲಿ ಒತ್ತಿದಷ್ಟು, ನಡುವೆ ಹೆಂಗಸಿನ ಕೈಯಷ್ಟು, ಮೇಲೆ ಗಂಡಸಿನ ಕೈಯಷ್ಟು ಎಂದು ಪೈಪಿನವರ ಹಳೇ ಮಾತು. ಬೆಂಕಿ ಹಚ್ಚದೆ ಎಳೆದು ನೋಡಿ. ಸ್ಟ್ರಾದಲ್ಲಿ ಎಳನೀರು ಹೀರುವಷ್ಟು ಸಲೀಸಾಗಿರಬೇಕು, ಗಟ್ಟಿಯಾದರೆ ಸುರಿದು ಮತ್ತೆ ತುಂಬಿ. ಮೊದಲ ಕಡ್ಡಿ ಮೇಲ್ಮೈ ಕಪ್ಪಾಗಿಸಲು ಮಾತ್ರ. ಎಳೆಗಳು ಉಬ್ಬಿ ಏಳುತ್ತವೆ, ಮೆಲ್ಲಗೆ ಒತ್ತಿ ಎರಡನೆಯ ಕಡ್ಡಿ ಗೀರಿ. ಅರ್ಧ ನಿಮಿಷಕ್ಕೆ ಒಂದು ಸಣ್ಣ ಗುಟುಕು ಸಾಕು. ಬಟ್ಟಲನ್ನು ಕೆನ್ನೆಗೆ ಮುಟ್ಟಿಸಿ ನೋಡಿ. ತಾಳಲಾರದಷ್ಟು ಬಿಸಿಯಾದರೆ ಕೆಳಗಿಡಿ, ಆರಿದರೆ ಆರಲಿ, ಮತ್ತೆ ಹಚ್ಚಿದರೆ ತಪ್ಪೇನೂ ಇಲ್ಲ.

ಲಟಾಕಿಯಾ ಸೇದಿದ ಬ್ರೈಯರ್ ಪೈಪಿನಲ್ಲಿ ಹಳೆ ವರ್ಜೀನಿಯಾ ಸೇದಿದರೆ ಲಟಾಕಿಯಾವೇ ಸಿಗುತ್ತದೆ, ಮರದ ನೆನಪು ದೊಡ್ಡದು. ರುಚಿ ಅಳೆಯಲು ಮಣ್ಣಿನ ಚುಂಗಾಣಿ ಅಥವಾ ಜೋಳದ ದಿಂಡಿನ ಪೈಪ್ ಒಳ್ಳೆಯದು. ದಿಂಡಿನ ಪೈಪನ್ನು ಅಮೆರಿಕದ ಮಿಸ್ಸೌರಿಯ ವಾಷಿಂಗ್ಟನ್ ಪಟ್ಟಣದಲ್ಲಿ 1869ರಿಂದ ಮಾಡುತ್ತಿದ್ದಾರೆ, ಬೆಲೆಯೂ ಅಗ್ಗ.

ಪ್ರಶ್ನೆ: ನೀರಿನ ಬದಲು ರಮ್ ಸಿಂಪಡಿಸಿದರೆ?

ಉತ್ತರ: ಮದ್ಯಸಾರ ಹಾರಿಹೋಗಿ ಉಳಿಯುವುದು ನೀರು, ಒಂದಿಷ್ಟು ರಮ್ಮಿನ ಸುವಾಸನೆ. ಬರ್ಲಿಗೆ ಪರವಾಗಿಲ್ಲ. ಇಪ್ಪತ್ತು ವರ್ಷ ಮಾಗಿದ ವರ್ಜೀನಿಯಾಕ್ಕೆ ರಮ್ ಹಾಕುವುದು ಒಳ್ಳೆ ಫಿಲ್ಟರ್ ಕಾಫಿಗೆ ಏಲಕ್ಕಿ ಸುರಿದ ಹಾಗೆ.

ಪ್ರಶ್ನೆ: ಡನ್‌ಹಿಲ್ ಹೆಸರಿನ ಡಬ್ಬಿ ಎಷ್ಟು ಹಳೆಯದೆಂದು ತಿಳಿಯುವುದು ಹೇಗೆ?

ಉತ್ತರ: ಆ ಹೆಸರಿನ ಪೈಪ್ ಸೊಪ್ಪು 2018ರಲ್ಲಿ ನಿಂತಿತು, 2019ರಿಂದ ಅವೇ ಮಿಶ್ರಣಗಳು ಪೀಟರ್ಸನ್ ಹೆಸರಲ್ಲಿ ಬಂದವು. ಹಾಗಾಗಿ ನಿಮ್ಮದು 2018ಕ್ಕಿಂತ ಈಚಿನದಂತೂ ಅಲ್ಲ. ತೂಕ ಗ್ರಾಂ ಇಲ್ಲದೆ ಬರೀ ಔನ್ಸಿನಲ್ಲಿದ್ದು, ಆರೋಗ್ಯದ ಎಚ್ಚರಿಕೆಯೂ ಬಾರ್‌ಕೋಡೂ ಇಲ್ಲದಿದ್ದರೆ ಇನ್ನೂ ಹಿಂದಿನದು.

ಪ್ರಶ್ನೆ: ಡಬ್ಬಿಯ ತಳದಲ್ಲಿ ಉಳಿದ ಪುಡಿ ಎಸೆಯಬೇಕೇ?

ಉತ್ತರ: ಚಹಾ ಸೋಸುವ ಜರಡಿಯಲ್ಲಿ ಜರಡಿ ಹಿಡಿಯಿರಿ. ಕೆಳಗೆ ಬಿದ್ದ ನಯ ಪುಡಿ ಎಸೆಯಿರಿ, ಅದು ತಳಕ್ಕಿಳಿದು ಗಾಳಿಯ ಕಂಡಿ ಮುಚ್ಚುತ್ತದೆ, ಎಳೆದಾಗ ಬಾಯಿಗೂ ಬರುತ್ತದೆ. ಮೇಲುಳಿದ ತರಿಯನ್ನು ಬೇರೆ ಸೀಸೆಯಲ್ಲಿಡಿ. ಪೈಪ್ ತುಂಬಿದ ಮೇಲೆ ಒಂದು ಚಿಟಿಕೆ ಉದುರಿಸಿದರೆ ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ.